ಮಾತು ಕೇಳದ ಮಗುವನ್ನು ಕರೆದುಕೊಂಡು ಹೆತ್ತವರು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಶಾಲೆಗೆ ಚಕ್ಕರ್ ಹೊಡೆಯುವ, ಹೊತ್ತು ಮೀರಿ ಮನೆ ಸೇರುವ, ತಂದೆ ತಾಯಿಗೆ ಎದುರು ಮಾತನಾಡುವ ಹದಿಹರೆಯದ ಮಕ್ಕಳನ್ನು ನಾಲ್ಕು ದಿನ ರಿಮಾಂಡ್ ಹೋಮಿಗೆ ಹಾಕಿದರೆ ತಾವಾಗಿಯೇ ದಾರಿಗೆ ಬರುತ್ತಾರೆ ಎಂಬ ಅಭಿಪ್ರಾಯ ಓದುಗರ ಪತ್ರಗಳಲ್ಲೂ ಪಾಲಕರ ಸಭೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಸೇವಾವಧಿಯ ಬಹುಪಾಲನ್ನು ಪರಿವೀಕ್ಷಣಾಧಿಕಾರಿಯಾಗಿ, ಅಂದರೆ ಬಾಲ ನ್ಯಾಯ ಮಂಡಳಿಯ ಮುಂದೆ ಬರುವ ಮಕ್ಕಳ ಮನೆ, ಶಾಲೆ, ಓಣಿಗಳನ್ನು ನೋಡಿ ಬಂದು ವರದಿ ಬರೆಯುವ ಕೆಲಸದಲ್ಲಿ ಕಳೆದವನಾಗಿ, ಈ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಲು ಅವಕಾಶ ಕೋರುತ್ತೇನೆ. ಈ ಅಭಿಪ್ರಾಯ ಇಂದಿನ ಕಾನೂನಿಗೆ ವಿರುದ್ಧವಾಗಿದೆ. ಅಷ್ಟೇ ಏಕೆ, ಬೇರೆ ದೇಶಗಳೂ ನಮ್ಮ ದೇಶವೂ ದಶಕಗಳ ಕಾಲ ಪ್ರಯೋಗಿಸಿ, ಕೆಟ್ಟ ಫಲವನ್ನು ಕಂಡು ಕೈಬಿಟ್ಟ ಮಾರ್ಗವನ್ನೇ ಅದು ಹೊಸ ಉಪಾಯವೆಂಬಂತೆ ಮುಂದಿಡುತ್ತಿದೆ. ಹಾಗೆಂದು ಆ ಪಾಲಕರ ಸಂಕಟವನ್ನು ಸುಳ್ಳೆನ್ನಲಾರೆ. ಕಾನೂನು ಅವರಿಗೆ ನ್ಯಾಯಾಲಯದ ಬಾಗಿಲನ್ನು ಮುಚ್ಚಿದ್ದು ಸರಿಯಾಗಿಯೇ ಇದೆ; ಅದರ ಬದಲಿಗೆ ತೆರೆಯಬೇಕಾಗಿದ್ದ ಬಾಗಿಲನ್ನು ಸರ್ಕಾರ ಈವರೆಗೆ ತೆರೆದಿಲ್ಲ ಎಂಬುದೇ ನನ್ನ ಆಕ್ಷೇಪ.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳುತ್ತೇನೆ. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 18 ವರ್ಷ ತುಂಬದವರನ್ನು ಎರಡು ಬಗೆಯಾಗಿ ನೋಡುತ್ತದೆ. ಅಪರಾಧ ಎಸಗಿದ ಆರೋಪ ಹೊತ್ತವರು ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು. ಅವರು ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ. ಆಸರೆಯಿಲ್ಲದವರು, ಕೆಲಸಕ್ಕೆ ದೂಡಲ್ಪಟ್ಟವರು, ಮನೆ ಬಿಟ್ಟು ಓಡಿಬಂದವರು, ದೌರ್ಜನ್ಯಕ್ಕೆ ಈಡಾದವರು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು. ಅವರನ್ನು ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ 24 ಗಂಟೆಗಳೊಳಗೆ ಹಾಜರುಪಡಿಸಬೇಕು. ಈ ಎರಡು ಪಟ್ಟಿಗಳಲ್ಲಿ ಎಲ್ಲಿಯೂ "ಹೇಳಿದ ಮಾತು ಕೇಳದ ಮಗು" ಎಂಬ ವರ್ಗವಿಲ್ಲ. ದೊಡ್ಡವರು ಮಾಡಿದರೆ ಅಪರಾಧವಾಗದ ಕೆಲಸವನ್ನು ಚಿಕ್ಕವರು ಮಾಡಿದ್ದಕ್ಕಾಗಿ ಮಂಡಳಿ ವಿಚಾರಿಸುವಂತಿಲ್ಲ. ತಪ್ಪಿ ಅಂಥ ಮಗು ಮಂಡಳಿಯ ಮುಂದೆ ಬಂದರೂ, ಅಪರಾಧ ನಡೆದಿಲ್ಲವೆಂದು ಮನವರಿಕೆಯಾದ ಕೂಡಲೇ ಹಾಗೆಂದು ಆದೇಶ ಮಾಡಬೇಕೆಂದೂ, ಮಗುವಿಗೆ ಪಾಲನೆ ಅಗತ್ಯವೆಂದು ಕಂಡುಬಂದರೆ ಸಮಿತಿಗೆ ಒಪ್ಪಿಸಬಹುದೆಂದೂ ಸೆಕ್ಷನ್ 17 ಹೇಳುತ್ತದೆ.

ಯಾವಾಗಲೂ ಹೀಗಿರಲಿಲ್ಲ. ಇಂದಿನ ಕರ್ನಾಟಕದ ಕರಾವಳಿ ಮತ್ತು ಬಳ್ಳಾರಿ ಸೀಮೆಗೆ 1920ರ ಮದ್ರಾಸ್ ಮಕ್ಕಳ ಕಾಯ್ದೆ, ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಭಾಗಕ್ಕೆ 1924ರ ಮುಂಬೈ ಮಕ್ಕಳ ಕಾಯ್ದೆ ಅನ್ವಯಿಸುತ್ತಿದ್ದ ಕಾಲದಿಂದಲೂ ಕದ್ದ ಹುಡುಗನನ್ನೂ ದಿಕ್ಕಿಲ್ಲದ ಹುಡುಗನನ್ನೂ ಒಂದೇ ಕಾನೂನಿನ ಕೆಳಗೆ ಕೂರಿಸುವ ರೂಢಿ ಬಂದಿತ್ತು. 1986ರಲ್ಲಿ ದೇಶಕ್ಕೆಲ್ಲ ಒಂದೇ ಬಾಲ ನ್ಯಾಯ ಕಾಯ್ದೆ ಬಂದಾಗ, ಅದರ 17ನೇ ಸೆಕ್ಷನ್ "ಹತೋಟಿಗೆ ಬಾರದ" ಮಕ್ಕಳ ಕುರಿತೇ ಇತ್ತು. ಮಗುವನ್ನು ಹತೋಟಿಯಲ್ಲಿಡಲು ತನ್ನಿಂದಾಗುತ್ತಿಲ್ಲವೆಂದು ತಂದೆಯೋ ತಾಯಿಯೋ ಪೋಷಕರೋ ಅಂದಿನ ಮಂಡಳಿಗೆ ದೂರಿತ್ತರೆ, ವಿಚಾರಣೆಯ ಮೇಲೆ ಮಂಡಳಿ ಆ ಮಗುವನ್ನು ವೀಕ್ಷಣಾಲಯಕ್ಕೆ, ಅಂದರೆ ಜನ ರಿಮಾಂಡ್ ಹೋಮ್ ಎನ್ನುವ ಸಂಸ್ಥೆಗೆ, ಕಳಿಸಬಹುದಿತ್ತು. ಮಗು ಮಾಡಿದ ತಪ್ಪೇನೆಂದು ತೋರಿಸುವ ಅಗತ್ಯವಿರಲಿಲ್ಲ, ಹೆತ್ತವರ ಕೈ ಸೋತಿದೆ ಎಂಬುದೇ ಸಾಕಿತ್ತು. ಇಂದಿನ ಹಿರಿಯರ ಮನಸ್ಸಿನಲ್ಲಿ ರಿಮಾಂಡ್ ಹೋಮ್ ಎಂಬ ಬೆದರಿಕೆ ಇನ್ನೂ ಜೀವಂತವಾಗಿರುವುದಕ್ಕೆ ಬಹುಶಃ ಆ ಕಾಲದ ನೆನಪೇ ಕಾರಣ.

2000ದ ಕಾಯ್ದೆ ಈ ವಿಧಿಯನ್ನು ಕೈಬಿಟ್ಟಿತು. ಇಂದಿನ 2015ರ ಕಾಯ್ದೆಯಲ್ಲಿ ಇರುವುದು ಬೇರೆಯೇ ಒಂದು ಮಾತು: ಮಗುವಿನ ಕ್ಷೇಮವನ್ನು ನೋಡಿಕೊಳ್ಳಲು ತಂದೆ ತಾಯಿ ಅಥವಾ ಪೋಷಕರು ಅನರ್ಹರು ಇಲ್ಲವೆ ಅಸಮರ್ಥರು ಎಂದು ಸಮಿತಿಯೋ ಮಂಡಳಿಯೋ ಕಂಡುಕೊಂಡರೆ ಆ ಮಗುವಿಗೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿದೆ ಎಂಬುದು. ಮೊದಲು ವಿಚಾರಣೆಗೆ ಒಳಗಾಗುತ್ತಿದ್ದುದು ಮಗುವಿನ ನಡತೆ, ಈಗ ಒಳಗಾಗಬೇಕಾದದ್ದು ಮನೆಯ ಸ್ಥಿತಿ. "ಸರ್, ಇವ ನಮ್ಮ ಕೈ ಮೀರ್ಯಾನ್ರೀ, ಒಂದ್ ತಿಂಗಳ ಒಳಗ ಇಟ್ಟು ಬುದ್ಧಿ ಕಲಿಸ್ರಿ" ಎಂದು ಮಗನ ರಟ್ಟೆ ಹಿಡಿದು ಕಚೇರಿಗೆ ಬರುತ್ತಿದ್ದ ತಂದೆಯರಿಗೆ ಈ ಬದಲಾವಣೆಯನ್ನು ತಿಳಿಹೇಳುವುದು ನನ್ನ ವೃತ್ತಿಯ ಅತ್ಯಂತ ಕಠಿಣ ಭಾಗವಾಗಿತ್ತು. ಮಗನನ್ನು ಒಪ್ಪಿಸಲು ಬಂದವರಿಗೆ, ಇನ್ನು ಮುಂದೆ ನಾವು ವಿಚಾರಿಸುವುದು ನಿಮ್ಮನ್ನೇ ಎಂದರೆ ಸಿಟ್ಟು ಬಾರದಿರುವುದೇ?

ಇಂಥ ಮಕ್ಕಳನ್ನು ನ್ಯಾಯಾಲಯದ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಷ್ಟು ದೀರ್ಘವಾದ ದಾಖಲೆ ಇನ್ನಾವ ದೇಶದಲ್ಲಿಯೂ ಸಿಗಲಾರದು. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1646ರಲ್ಲಿಯೇ ಮೊಂಡ ಮಗನ ವಿರುದ್ಧ ಒಂದು ಕಾನೂನು ಬಂದಿತ್ತು. ತಂದೆ ತಾಯಿಯ ಮಾತನ್ನು ಧಿಕ್ಕರಿಸುವ 16 ವರ್ಷ ತುಂಬಿದ ಮಗನನ್ನು ಅವರೇ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಬಹುದಿತ್ತು, ಕಾನೂನಿನ ಅಕ್ಷರದಲ್ಲಿ ಅದಕ್ಕೆ ಮರಣದಂಡನೆಯೂ ಇತ್ತು. ಯಾರನ್ನೂ ಹಾಗೆ ಕೊಂದ ದಾಖಲೆಯಿಲ್ಲ, ಆದರೆ ಆ ಕಾನೂನಿನ ಸಂತತಿ ಬೇರೆ ಬೇರೆ ರೂಪಗಳಲ್ಲಿ 1973ರವರೆಗೂ ಅಲ್ಲಿ ಬದುಕಿತ್ತು. 1899ರಲ್ಲಿ ಇಲಿನಾಯ್ ರಾಜ್ಯದ ಕಾಯ್ದೆಯಂತೆ ಷಿಕಾಗೋದಲ್ಲಿ ಮೊದಲ ಬಾಲ ನ್ಯಾಯಾಲಯ ಆರಂಭವಾದಾಗ ಅದರ ಆಶಯ ಉದಾತ್ತವಾಗಿತ್ತು: ನ್ಯಾಯಾಧೀಶರು ದಂಡಿಸುವವರಾಗದೆ ತಂದೆಯ ಸ್ಥಾನದಲ್ಲಿ ನಿಂತು ಮಗುವನ್ನು ತಿದ್ದಬೇಕು. ತಂದೆಯ ಸ್ಥಾನದಲ್ಲಿ ನಿಂತ ಮೇಲೆ ವಕೀಲರೇಕೆ, ಸಾಕ್ಷಿಯೇಕೆ, ಆರೋಪಪಟ್ಟಿಯೇಕೆ ಎಂಬ ಧೋರಣೆ ಅದರ ಹಿಂದೆಯೇ ಬಂತು. ಶಾಲೆ ತಪ್ಪಿಸಿದವರು, ಮನೆ ಬಿಟ್ಟು ಹೋದವರು, ರಾತ್ರಿ ಹೊತ್ತು ಬೀದಿಯಲ್ಲಿ ಕಂಡವರು, ಮದ್ಯ ಮುಟ್ಟಿದವರು, ತಂದೆ ತಾಯಿಗೆ ಬಗ್ಗದವರು ಎಲ್ಲರೂ ಆ ನ್ಯಾಯಾಲಯಗಳ ಕಟಕಟೆಗೆ ಬಂದರು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಅಧಿಕಾರ ಇನ್ನಷ್ಟು ಕಟುವಾಗಿ ಪ್ರಯೋಗವಾಯಿತು, ಏಕೆಂದರೆ ಹುಡುಗನಲ್ಲಿ ತುಂಟತನವೆಂದು ಕ್ಷಮೆ ಪಡೆದ ನಡತೆಯೇ ಹುಡುಗಿಯಲ್ಲಿ ನೈತಿಕ ಅಪಾಯವಾಗಿ ಕಂಡಿತು.

ಆ ವ್ಯವಸ್ಥೆಯ ಒಳಗನ್ನು ಜಗತ್ತಿಗೆ ತೋರಿಸಿದ್ದು ಅರಿಜೋನಾ ರಾಜ್ಯದ ಜೆರಾಲ್ಡ್ ಗಾಲ್ಟ್ ಪ್ರಕರಣ. ನೆರೆಮನೆಯ ಮಹಿಳೆಗೆ ದೂರವಾಣಿಯಲ್ಲಿ ಅಸಭ್ಯವಾಗಿ ಮಾತನಾಡಿದನೆಂಬ ಆರೋಪದ ಮೇಲೆ 1964ರಲ್ಲಿ 15 ವರ್ಷದ ಈ ಹುಡುಗನನ್ನು ಹಿಡಿದೊಯ್ದರು. ದೂರುದಾರಳು ವಿಚಾರಣೆಗೆ ಬರಲೇ ಇಲ್ಲ, ಹುಡುಗನಿಗೆ ವಕೀಲರಿರಲಿಲ್ಲ, ಮನೆಯವರಿಗೆ ಸರಿಯಾದ ನೋಟಿಸೂ ಹೋಗಿರಲಿಲ್ಲ. ಆದರೂ 21 ವರ್ಷ ತುಂಬುವವರೆಗೆ ಸುಧಾರಣಾ ಶಾಲೆಯಲ್ಲಿರಬೇಕೆಂದು ಆದೇಶವಾಯಿತು. ಅದೇ ಮಾತನ್ನು ಒಬ್ಬ ವಯಸ್ಕ ಆಡಿದ್ದರೆ 5ರಿಂದ 50 ಡಾಲರ್ ದಂಡ ಅಥವಾ ಹೆಚ್ಚೆಂದರೆ ಎರಡು ತಿಂಗಳ ಸೆರೆವಾಸ ಆಗುತ್ತಿತ್ತು. 1967ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಈ ಆದೇಶವನ್ನು ತಳ್ಳಿಹಾಕಿ, ಮಕ್ಕಳಿಗೂ ನೋಟಿಸು, ವಕೀಲರು, ಪಾಟೀಸವಾಲು, ಮೌನವಾಗಿರುವ ಹಕ್ಕು ಇವೆ ಎಂದು ಸಾರಿತು. ಪ್ರೀತಿಯ ಹೆಸರಿನಲ್ಲಿ ನಡೆಯುವ ವಿಚಾರಣೆಗೂ ನಿಯಮಗಳ ಲಗಾಮು ಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ತೀರ್ಪು ಮತ್ತೊಂದಿಲ್ಲ.

ಮುಂದಿನ ಹೆಜ್ಜೆ 1974ರದು. ಮಕ್ಕಳಾಗಿರುವ ಒಂದೇ ಕಾರಣಕ್ಕೆ ತಪ್ಪೆನಿಸುವ ನಡತೆಗಾಗಿ ಯಾರನ್ನೂ ಬೀಗ ಹಾಕಿದ ಸಂಸ್ಥೆಗಳಲ್ಲಿ ಇಡಬಾರದು, ಇಟ್ಟರೆ ಕೇಂದ್ರದ ಅನುದಾನಕ್ಕೆ ಕುತ್ತು ಎಂದು ಅಲ್ಲಿನ ಸಂಸತ್ತು ಕಾನೂನು ಮಾಡಿತು. ಒಳ್ಳೆಯ ಕಾನೂನಿಗೆ ಹೇಗೆ ಕನ್ನ ಕೊರೆಯಲಾಗುತ್ತದೆ ಎಂಬುದನ್ನು ಇದರ ನಂತರದ ಕಥೆ ತೋರಿಸುತ್ತದೆ. ಶಾಲೆಗೆ ಹೋಗದ್ದಕ್ಕೆ ಮಗುವನ್ನು ಬಂಧಿಸುವಂತಿಲ್ಲ, ನಿಜ; ಆದರೆ "ನಾಳೆಯಿಂದ ಶಾಲೆಗೆ ಹೋಗತಕ್ಕದ್ದು" ಎಂದು ನ್ಯಾಯಾಧೀಶರು ಆದೇಶ ಕೊಟ್ಟು, ಮಗು ಮರುದಿನವೂ ಹೋಗದಿದ್ದರೆ ಅದು ನ್ಯಾಯಾಲಯದ ಆಜ್ಞೆಯ ಉಲ್ಲಂಘನೆಯಾಗುತ್ತದೆ, ಅದಕ್ಕೆ ಬಂಧಿಸಬಹುದು ಎಂಬ ವಿನಾಯಿತಿಯನ್ನು 1980ರ ತಿದ್ದುಪಡಿ ತಂದಿತು. ತಾಯಿಯ ಮಾತು ಕೇಳದ ಮಗು ನ್ಯಾಯಾಧೀಶರ ಮಾತನ್ನು ಮಾತ್ರ ಕೇಳೀತೆಂದು ನಂಬಿದವರ ಮುಗ್ಧತೆಗೆ ಏನೆನ್ನಬೇಕೋ ತಿಳಿಯದು. 2018ರಲ್ಲಿ ಆ ಕಾನೂನನ್ನು ಮತ್ತೆ ತಿದ್ದಿ ಅಂಥ ಬಂಧನಕ್ಕೆ 7 ದಿನಗಳ ಮಿತಿ ಹಾಕಿದರು, ವಿನಾಯಿತಿಯನ್ನು ಪೂರ್ತಿಯಾಗಿ ತೆಗೆಯಲಾಗಲಿಲ್ಲ. ನ್ಯೂಯಾರ್ಕ್ ರಾಜ್ಯ ಇದಕ್ಕಿಂತ ಮುಂದೆ ಹೋಗಿದೆ. ಅಲ್ಲಿ 1962ರ ಕುಟುಂಬ ನ್ಯಾಯಾಲಯ ಕಾಯ್ದೆ ಇಂಥ ಮಕ್ಕಳನ್ನು ಅಪರಾಧಿಗಳಿಂದ ಬೇರ್ಪಡಿಸಿ ಮೇಲ್ವಿಚಾರಣೆ ಬೇಕಾದವರೆಂದು ಕರೆಯಿತು. ಕಾಲಕ್ರಮದಲ್ಲಿ, ಪಾಲಕರು ಅರ್ಜಿ ಹಾಕುವ ಮೊದಲೇ ಸ್ಥಳೀಯ ಇಲಾಖೆ ಕುಟುಂಬವನ್ನು ಕೂರಿಸಿ ಮಾತನಾಡಿ, ಸಲಹೆ ಮತ್ತು ಚಿಕಿತ್ಸೆಯ ಪ್ರಯತ್ನ ಮಾಡಿರಬೇಕು ಎಂಬ ನಿಯಮ ಬಂತು. 2020ರಿಂದ ಅಂಥ ಮಕ್ಕಳನ್ನು ಬಂಧನದಲ್ಲಿಡುವುದನ್ನೇ ನಿಲ್ಲಿಸಲಾಯಿತು. ವಿಶ್ವಸಂಸ್ಥೆಯಂತೂ ಬಾಲಾಪರಾಧ ತಡೆಯ ಕುರಿತ 1990ರ ರಿಯಾದ್ ಮಾರ್ಗಸೂಚಿಯ 56ನೇ ಪರಿಚ್ಛೇದದಲ್ಲಿ, ವಯಸ್ಕರಿಗೆ ಅಪರಾಧವಲ್ಲದ್ದು ಎಳೆಯರಿಗೂ ಅಪರಾಧವಾಗಕೂಡದೆಂದು ಹೇಳಿಯಾಗಿದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿಯೇ ಸೇರಿದೆ.

ಇನ್ನು ನಮ್ಮ ಊರಿನ ಮಾತಿಗೆ ಬರುತ್ತೇನೆ. ಕಾನೂನಿನ ಪುಸ್ತಕದಿಂದ ಹೊರಗೆ ಹೋದ ಮೊಂಡತನ ಠಾಣೆಯ ಮೂಲಕ ಮತ್ತೆ ಒಳಗೆ ಬರುತ್ತಿದೆ. ಮಗ ಮಾತು ಕೇಳುತ್ತಿಲ್ಲವೆಂದು ತಂದೆ ಠಾಣೆಗೆ ಹೋದರೆ, ಅದು ದೂರೇ ಅಲ್ಲವೆಂದು ಹೇಳಿ ಕಳಿಸುತ್ತಾರೆ. ಅದೇ ತಂದೆ ಯಾರದೋ ಸಲಹೆ ಕೇಳಿ ಮರಳಿ ಬಂದು, ಮಗ ಟ್ರಂಕಿನಲ್ಲಿದ್ದ ದುಡ್ಡು ಕದ್ದಿದ್ದಾನೆಂದು ಬರೆದುಕೊಟ್ಟರೆ ಅದು ವಾಸದ ಮನೆಯಲ್ಲಿನ ಕಳವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ತಾಯಿಯನ್ನು ತಳ್ಳಿದ್ದು ಹಲ್ಲೆಯಾಗುತ್ತದೆ, ಕೋಪದಲ್ಲಿ ಆಡಿದ ಮಾತು ಜೀವಬೆದರಿಕೆಯಾಗುತ್ತದೆ. ಹೀಗೆ ಮಂಡಳಿಯ ಮುಂದೆ ಬಂದ ಕಡತಗಳಲ್ಲಿ ಆರೋಪದ ಹಾಳೆಯನ್ನು ಓದಿ ಮುಗಿಸಿ ಮನೆಗೆ ಹೋಗಿ ನೋಡಿದರೆ, ಅಪರಾಧಕ್ಕಿಂತ ಮೊಬೈಲ್, ಬೈಕು, ಓದು, ಗೆಳೆಯರು, ಕುಡಿತ ಇವುಗಳ ಸುತ್ತ ತಿಂಗಳುಗಟ್ಟಲೆ ನಡೆದ ಜಗಳವೇ ಕಾಣುತ್ತಿತ್ತು. ಕುಡಿತವೆಂದರೆ ಬಹಳ ಸಲ ತಂದೆಯ ಕುಡಿತ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಪೊಲೀಸರು ಇಲ್ಲಿ ಎಚ್ಚರದಿಂದಿರಬೇಕೆಂದೇ ಬಾಲ ನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಹೇಳುತ್ತವೆ. ಅತಿಘೋರ ಅಪರಾಧದ ಆರೋಪವಿದ್ದಾಗ ಅಥವಾ ವಯಸ್ಕರೊಂದಿಗೆ ಸೇರಿ ಮಾಡಿದ ಆರೋಪವಿದ್ದಾಗ ಮಾತ್ರ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸಬೇಕು. ಉಳಿದ ಸಂದರ್ಭಗಳಲ್ಲಿ ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ತಿಳಿಸಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಮಗುವನ್ನು ಲಾಕಪ್ಪಿನಲ್ಲಿ ಇಡಲೇಬಾರದು. "ಸುಮ್ಮನೆ ಹೆದರಿಸಲು" ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸುವ ಪದ್ಧತಿಗೆ ಈ ನಿಯಮಗಳಲ್ಲಿ ಎಲ್ಲಿಯೂ ಜಾಗವಿಲ್ಲ, ಅದನ್ನು ಕೋರುವ ಪಾಲಕರಿಗೂ ಇದು ತಿಳಿದಿರಬೇಕು.

ಜಾಮೀನಿನ ವಿಷಯ ಇನ್ನೂ ನೋವಿನದು. ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಗುವಿಗೆ ಜಾಮೀನು ಕೊಡುವುದೇ ನಿಯಮ. ಬಿಡುಗಡೆಯಿಂದ ಮಗು ಪಾತಕಿಗಳ ಸಹವಾಸಕ್ಕೆ ಬೀಳುವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಸಿಲುಕುವ ಅಥವಾ ನ್ಯಾಯದ ಉದ್ದೇಶವೇ ವಿಫಲವಾಗುವ ಸಂಭವವಿದ್ದರೆ ಮಾತ್ರ ನಿರಾಕರಿಸಬಹುದು. ಆದರೆ ಜಾಮೀನು ಮಂಜೂರಾದ ಮೇಲೂ ಕರೆದೊಯ್ಯಲು ಬಾರದ ತಂದೆ ತಾಯಿಯರನ್ನು ನಾನು ಕಂಡಿದ್ದೇನೆ. "ಇರ್ಲಿ ಬಿಡ್ರಿ ಇನ್ನೊಂದೀಟ ದಿನ" ಎಂದು ಫೋನಿನಲ್ಲಿ ಹೇಳುವವರಿಗೆ, ಆ ವೀಕ್ಷಣಾಲಯದಲ್ಲಿ ತಮ್ಮ ಮಗನ ಪಕ್ಕದ ಹಾಸಿಗೆಯಲ್ಲಿ ಯಾರಿದ್ದಾರೆಂದು ಗೊತ್ತಿರುವುದಿಲ್ಲ. ವಯಸ್ಸು, ಲಿಂಗ, ಆರೋಪದ ಸ್ವರೂಪ ಮತ್ತು ದೈಹಿಕ, ಮಾನಸಿಕ ಸ್ಥಿತಿಯನ್ನು ನೋಡಿ ಮಕ್ಕಳನ್ನು ಬೇರೆ ಬೇರೆಯಾಗಿ ಇಡಬೇಕೆಂದು ಸೆಕ್ಷನ್ 47 ಹೇಳುತ್ತದೆ, ಆದರೆ ಇರುವ ಕಟ್ಟಡವೊಂದು, ಇರುವ ಪಡಸಾಲೆಯೊಂದು ಆದಾಗ ಬೇರ್ಪಡಿಸುವುದು ಹೇಗೆ? ಮನೆಯಲ್ಲಿ ದುಡ್ಡು ಎತ್ತಿಕೊಂಡ ಹುಡುಗ ಸರಗಳ್ಳತನದ ಪಾಠ ಕೇಳಿಕೊಂಡು ಹೊರಗೆ ಬರುತ್ತಾನೆ, ಜೊತೆಗೆ ಅಪ್ಪನೇ ತನ್ನನ್ನು ಇಲ್ಲಿಗೆ ತಳ್ಳಿದನೆಂಬ ಹಗೆಯನ್ನೂ ಕಟ್ಟಿಕೊಂಡು ಬರುತ್ತಾನೆ. ಎರಡನೆಯ ಸಲ ಬಂದ ಮಕ್ಕಳೊಡನೆ ಮಾತನಾಡುವಾಗ ಆ ಕಳ್ಳತನದ ಪಾಠಕ್ಕಿಂತ ಈ ಹಗೆಯೇ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತಿತ್ತು.

ನಮ್ಮ ಕಾಯ್ದೆಯ ಒಂದು ಉಪಸೆಕ್ಷನ್ ಮಾತ್ರ ನನಗೆ ಬಹಳ ಮೆಚ್ಚಿಗೆಯಾದದ್ದು, ವಕೀಲರೂ ಅದನ್ನು ಹೆಚ್ಚಾಗಿ ಎತ್ತುವುದಿಲ್ಲ. ಜಾಮೀನಿನ ಷರತ್ತುಗಳನ್ನು ಮಗು 7 ದಿನಗಳಲ್ಲಿ ಪೂರೈಸಲಾಗದಿದ್ದರೆ, ಷರತ್ತುಗಳನ್ನು ಬದಲಾಯಿಸುವುದಕ್ಕಾಗಿ ಮಗುವನ್ನು ಮಂಡಳಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 12(4). ಆಜ್ಞೆ ಮೀರಿದ ಮಗುವನ್ನು ಬಂಧಿಸಲು ಅಮೆರಿಕ 1980ರಲ್ಲಿ ಹಾದಿ ಹುಡುಕಿದರೆ, ನಮ್ಮ ಶಾಸನಕರ್ತರು ಷರತ್ತನ್ನೇ ಮತ್ತೊಮ್ಮೆ ನೋಡಿ ಎಂದರು. ಹಾಗೆಯೇ ಅಪರಾಧ ಸಾಬೀತಾದ ಮೇಲೂ ಮಂಡಳಿಯ ಕೈಯಲ್ಲಿರುವುದು ಬುದ್ಧಿಮಾತು ಹೇಳಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ಪಾಲಕರಿಗೆ ದಂಡ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುಗಡೆ ಮುಂತಾದವು; ವಿಶೇಷ ಗೃಹಕ್ಕೆ ಹೆಚ್ಚೆಂದರೆ ಮೂರು ವರ್ಷ ಕಳಿಸುವ ಆದೇಶ ಪಟ್ಟಿಯ ಕೊನೆಯಲ್ಲಿದೆ. ಶಾಲೆಗೆ ಹೋಗುವಂತೆ, ಕಸುಬು ಕಲಿಯುವಂತೆ, ವ್ಯಸನಮುಕ್ತಿ ಚಿಕಿತ್ಸೆ ಪಡೆಯುವಂತೆ, ಇಂಥ ಜಾಗಕ್ಕೆ ಹೋಗದಂತೆ ಮಂಡಳಿ ಹೆಚ್ಚುವರಿಯಾಗಿ ಸೂಚಿಸಬಹುದು. ಪಾಲಕರು ಬಯಸುವ ಶಿಸ್ತಿನ ಬಹುಭಾಗ ಇವುಗಳಲ್ಲಿಯೇ ಅಡಗಿದೆ. ದುರದೃಷ್ಟವೆಂದರೆ, ಇವು ದೊರೆಯಬೇಕಾದರೆ ಮಗು ಮೊದಲು ಆರೋಪಿಯಾಗಬೇಕು.

ಹೆಣ್ಣುಮಕ್ಕಳ ಕುರಿತು ಪ್ರತ್ಯೇಕವಾಗಿ ಬರೆಯದೆ ಈ ಪತ್ರ ಪೂರ್ಣವಾಗದು. ಹದಿನಾರು, ಹದಿನೇಳರ ಹುಡುಗಿ ಮನೆಯವರಿಗೆ ಒಪ್ಪಿಗೆಯಿಲ್ಲದ ಹುಡುಗನೊಡನೆ ಹೊರಟು ಹೋದಾಗ ದಾಖಲಾಗುವ ದೂರು ಅಪಹರಣದ್ದು, ಅದರ ಬೆನ್ನಿಗೇ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ 2012ರ ಪೋಕ್ಸೊ ಕಾಯ್ದೆ. ಹುಡುಗನೂ 18ರ ಒಳಗಿನವನಾಗಿದ್ದರೆ ಒಂದೇ ಪ್ರಸಂಗದ ಇಬ್ಬರು ಮಕ್ಕಳಲ್ಲಿ ಒಬ್ಬ ಆರೋಪಿಯಾಗಿ ಮಂಡಳಿಯ ಮುಂದೆ, ಮತ್ತೊಬ್ಬಳು ರಕ್ಷಣೆ ಬೇಕಾದವಳಾಗಿ ಸಮಿತಿಯ ಮುಂದೆ ನಿಲ್ಲುತ್ತಾರೆ. ಆತನ ಪ್ರಕರಣ ಮುಗಿಯುವುದು ಎಂದೋ. ಮನೆಗೆ ಮರಳಲು ಒಪ್ಪದ, ಅಥವಾ ಮನೆಯವರು ಸೇರಿಸಿಕೊಳ್ಳಲು ಒಪ್ಪದ ಆಕೆ ಬಾಲಮಂದಿರದಲ್ಲಿ 18 ತುಂಬುವ ದಿನ ಎಣಿಸುತ್ತಾಳೆ. ನಿಜವಾದ ಬಲಾತ್ಕಾರ ಮತ್ತು ಮೋಸದ ಪ್ರಕರಣಗಳು ಇವೆ, ಅವುಗಳಲ್ಲಿ ಕಾನೂನು ಬಿಗಿಯಾಗಿಯೇ ಇರಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯವರ ಇಷ್ಟಕ್ಕೆ ವಿರುದ್ಧ ನಡೆದಳೆಂಬುದೇ ತಿರುಳಾಗಿರುವ ಪ್ರಸಂಗಗಳೂ ಇವೆ. ಅಲ್ಲಿ ಅವಿಧೇಯತೆಗೇ ಅಪರಾಧದ ಅಂಗಿ ತೊಡಿಸಿದಂತಾಗುತ್ತದೆ. ಇಂಥ ಹುಡುಗಿಯ ಮಾತನ್ನು ಸಮಿತಿ ಅವಳೊಬ್ಬಳನ್ನೇ ಕೂರಿಸಿಕೊಂಡು ಸಾವಧಾನವಾಗಿ ಕೇಳಬೇಕು. ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂಬುದು ಕಾಯ್ದೆಯ 3ನೇ ಸೆಕ್ಷನ್ ಹೇಳಿರುವ ಮೂಲತತ್ವಗಳಲ್ಲಿಯೇ ಒಂದು, ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬುದು ಮತ್ತೊಂದು.

ಮಕ್ಕಳ ತಪ್ಪಿಗೆ ದೊಡ್ಡವರನ್ನೇ ಹೊಣೆ ಮಾಡುವ ಕಾನೂನುಗಳ ಬಗ್ಗೆ ಮಾತ್ರ ನಮ್ಮಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಲೈಸೆನ್ಸ್ ಇಲ್ಲದ ಮಗನಿಗೆ ಬೈಕು ಕೊಟ್ಟ ಪಾಲಕರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಮಗುವಿಗೆ ಮದ್ಯವನ್ನೋ ತಂಬಾಕನ್ನೋ ಮಾದಕ ವಸ್ತುವನ್ನೋ ಕೊಟ್ಟವರಿಗೆ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ 7 ವರ್ಷದವರೆಗಿನ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ ವಿಧಿಸುತ್ತದೆ. ಗುಟ್ಕಾ ಜಗಿಯುವ ಹುಡುಗನನ್ನು ಒಳಗೆ ಹಾಕಿ ಎನ್ನುವವರು, ಶಾಲೆಯ ಪಕ್ಕದ ಗೂಡಂಗಡಿಯವನ ಮೇಲೆ ಒಂದು ದೂರನ್ನಾದರೂ ಕೊಟ್ಟಿದ್ದಾರೆಯೇ?

ಹಾಗಾದರೆ ನಿಜವಾಗಿಯೂ ಕೈಸೋತ ಹೆತ್ತವರು ಏನು ಮಾಡಬೇಕು? ಮಗು ಮನೆ ಬಿಟ್ಟು ಹೋಗಿದ್ದರೆ, ಹಿಂಸೆಗೆ ಇಳಿದಿದ್ದರೆ, ವ್ಯಸನಕ್ಕೆ ಬಿದ್ದಿದ್ದರೆ 1098 ಮಕ್ಕಳ ಸಹಾಯವಾಣಿಯನ್ನೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೋ ಸಂಪರ್ಕಿಸಬಹುದು. ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೂ ಹೋಗಬಹುದು. ಸಮಿತಿ ವಿಚಾರಣೆ ಕೈಗೊಂಡರೆ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ತರಿಸಿಕೊಂಡು 4 ತಿಂಗಳೊಳಗೆ ಅಂತಿಮ ಆದೇಶ ಮಾಡುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಆ ಆದೇಶ ಬಹುತೇಕ ಮಗುವನ್ನು ಮೇಲ್ವಿಚಾರಣೆಯೊಂದಿಗೆ ಮನೆಗೇ ಕಳಿಸುವುದಾಗಿರುತ್ತದೆ, ಏಕೆಂದರೆ ಕುಟುಂಬಕ್ಕೆ ಮರಳಿಸುವುದೇ ಕಾಯ್ದೆಯ ಮೊದಲ ಗುರಿ. ಬಡತನವೇ ಮೂಲವಾಗಿದ್ದರೆ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಮನಸ್ಸಿನ ತೊಂದರೆಯಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ; ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಸಂವಾದ್ ಎಂಬ ಕೇಂದ್ರವೂ ಅಲ್ಲಿದೆ. ಮೊಂಡನೆಂದು ಕರೆತಂದ ಹುಡುಗನಿಗೆ ಅಕ್ಷರಗಳೇ ತಿರುಗುಮುರುಗಾಗಿ ಕಾಣುವ ಕಲಿಕೆಯ ತೊಂದರೆ ಇತ್ತೆಂದು, ಶಾಲೆ ತಪ್ಪಿಸುತ್ತಿದ್ದುದು ಆ ಅವಮಾನದಿಂದ ಪಾರಾಗಲೆಂದು ತಪಾಸಣೆಯ ಬಳಿಕ ತಿಳಿದ ಪ್ರಸಂಗಗಳಿವೆ. ಏಳೆಂಟು ವರ್ಷ ಆತನಿಗೆ ಬಿದ್ದ ಪೆಟ್ಟುಗಳ ಲೆಕ್ಕ ಯಾವ ವರದಿಯಲ್ಲಿಯೂ ಬರುವುದಿಲ್ಲ.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಹೆತ್ತವರು ಠಾಣೆಗೇ ಹೋಗುತ್ತಾರೆ. ಕಾರಣ ಸರಳವಾಗಿದೆ: ಠಾಣೆ ತಾಲ್ಲೂಕಿನಲ್ಲಿದೆ, ಹೋಬಳಿಯಲ್ಲಿದೆ, ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ, ಸಮಿತಿ, ಮಂಡಳಿ, ರಕ್ಷಣಾ ಘಟಕ, ಆಪ್ತಸಮಾಲೋಚಕರು ಎಲ್ಲರೂ ಜಿಲ್ಲಾ ಕೇಂದ್ರದಲ್ಲಿದ್ದಾರೆ. ದಿನದ ಕೂಲಿ ಬಿಟ್ಟು, ಬರಲೊಲ್ಲದ ಮಗನನ್ನು ಬಸ್ಸು ಹತ್ತಿಸಿಕೊಂಡು ಅಷ್ಟು ದೂರ ಬರುವ ತಾಯಿ ಎಷ್ಟು ಸಲ ಬಂದಾಳು? ಪರಿವೀಕ್ಷಣಾಧಿಕಾರಿಯ ಕೆಲಸವೂ ಪ್ರಕರಣ ದಾಖಲಾದ ಮೇಲೆಯೇ ಆರಂಭವಾಗುತ್ತದೆ. ದಾಖಲಾಗುವ ಮೊದಲಿನ ಆರು ತಿಂಗಳು, ಮಾತಿನಿಂದ ಸರಿಹೋಗಬಹುದಾದ ಆರು ತಿಂಗಳು, ಯಾರ ಕರ್ತವ್ಯಪಟ್ಟಿಯಲ್ಲಿಯೂ ಇಲ್ಲ.

ಆದ್ದರಿಂದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ನನ್ನ ಕೋರಿಕೆಗಳು ಹೊಸ ಕಾನೂನನ್ನು ಬೇಡುವಂಥವಲ್ಲ. ಪ್ರತಿ ತಾಲ್ಲೂಕಿನಲ್ಲಿ ವಾರಕ್ಕೆ ಒಂದು ದಿನವಾದರೂ, ಠಾಣೆಯ ಕಟ್ಟಡದಲ್ಲಲ್ಲದೆ ತಾಲ್ಲೂಕು ಆಸ್ಪತ್ರೆಯಲ್ಲೋ ಬಿಇಒ ಕಚೇರಿಯಲ್ಲೋ, ಒಬ್ಬ ಆಪ್ತಸಮಾಲೋಚಕರೂ ಒಬ್ಬ ಪರಿವೀಕ್ಷಣಾಧಿಕಾರಿಯೂ ಪಾಲಕರಿಗೆ ಮತ್ತು ಮಕ್ಕಳಿಗೆ ಸಿಗುವಂತಾಗಲಿ. ದೂರು, ಕಡತ, ಹೆಸರು ನೋಂದಣಿ ಯಾವುದೂ ಅಲ್ಲಿ ಬೇಡ. ಸ್ವಂತ ಮಗುವಿನ ಮೇಲೆಯೇ ಪಾಲಕರು ಕಳವು ಅಥವಾ ಹಲ್ಲೆಯ ದೂರು ತಂದಾಗ, ಪೆಟ್ಟು ಗಂಭೀರವಲ್ಲದಿದ್ದರೆ, ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿ ಅವರನ್ನು ಮೊದಲು ಅಲ್ಲಿಗೆ ಕಳಿಸಲಿ. ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರು ವಾರಗಟ್ಟಲೆ ಗೈರುಹಾಜರಾದ ಮಗುವಿನ ವರ್ಗಾವಣೆ ಪತ್ರ ಬರೆದು ಕೈತೊಳೆದುಕೊಳ್ಳುವ ಬದಲು ಅದೇ ಸಮಾಲೋಚಕರಿಗೆ ತಿಳಿಸಲಿ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕಲು ಶಿಕ್ಷಣ ಹಕ್ಕು ಕಾಯ್ದೆ ಹೇಗೂ ಬಿಡುವುದಿಲ್ಲ, ಒಂಬತ್ತು ಹತ್ತರಲ್ಲಿ ಹೊರಬಿದ್ದವರೇ ನಮ್ಮ ಮುಂದೆ ಹೆಚ್ಚಾಗಿ ಬರುತ್ತಿದ್ದರು.

ಕೊನೆಯದಾಗಿ ಒಂದು ಸಣ್ಣ ಆಡಳಿತಾತ್ಮಕ ಸಲಹೆ. ಮಕ್ಕಳ ಕಲ್ಯಾಣ ಸಮಿತಿಗಳು ಪ್ರಕರಣಗಳ ವಿಲೇವಾರಿ ಮತ್ತು ಬಾಕಿಯ ವರದಿಯನ್ನು ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗೆ ಸಲ್ಲಿಸುತ್ತವೆ, ಮಂಡಳಿಗಳ ಬಾಕಿ ಪ್ರಕರಣಗಳನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ. ಈ ಎರಡೂ ಪರಿಶೀಲನೆಗಳ ನಮೂನೆಗೆ ಒಂದೊಂದು ಕಾಲಂ ಸೇರಿಸಬೇಕು: ಜಾಮೀನು ಅಥವಾ ಬಿಡುಗಡೆಯ ಆದೇಶವಾದ ಮೇಲೂ ಪಾಲಕರು ಕರೆದೊಯ್ಯಲು ಬಾರದ ಕಾರಣಕ್ಕೆ ಒಳಗೇ ಉಳಿದ ಮಕ್ಕಳೆಷ್ಟು, ಎಷ್ಟು ದಿನ. ಆ ಅಂಕಿ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಬಂದ ತಿಂಗಳೇ, ಆ ಮಕ್ಕಳ ಮನೆಗೆ ಒಬ್ಬ ಅಧಿಕಾರಿ ಹೋಗಿ ಬರುವ ವ್ಯವಸ್ಥೆಯನ್ನು ಈಗಿರುವ ಸಿಬ್ಬಂದಿಯಿಂದಲೇ ಮಾಡಲು ಸಾಧ್ಯವಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪರಿವೀಕ್ಷಣಾಧಿಕಾರಿ, ಧಾರವಾಡ